ನಂಜುಂಡನ ಹತ್ತು ನಿಮಿಷ

ಬೊಂಬಾಯಿಯ ಮುಲುಂಡಿನ ಮನೆಗಳಲ್ಲಿ ಗಡಿಯಾರ ಸರಿಯಾದ ಸಮಯ ತೋರಿಸಿದರೆ ಅದನ್ನು ರಿಪೇರಿಗೆ ಕೊಡುತ್ತಾರೆ. ಲೋಕಲ್ ಗಾಡಿ ಹಿಡಿದು ಬದುಕುವ ಸಂಸಾರಗಳಲ್ಲಿ ಮುಳ್ಳನ್ನು ಐದೋ ಹತ್ತೋ ನಿಮಿಷ ಮುಂದಿಡುವುದು ಬಾಗಿಲಿಗೆ ತೋರಣ ಕಟ್ಟುವಷ್ಟೇ ಸಹಜ. ನಂಜುಂಡನ ಹೆಂಡತಿ ಸುಮಿತ್ರಾ ಮೈಸೂರಿನಿಂದ ಬಂದ ಮೊದಲ ವಾರವೇ ಈ ಪದ್ಧತಿ ಕಲಿತು, ಗೋಡೆ ಗಡಿಯಾರವನ್ನೂ ಗಂಡನ ಕೈಗಡಿಯಾರವನ್ನೂ ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದಳು. ನಂಜುಂಡ ಅಂದಿನಿಂದ ವಾಚು ನೋಡಿದಾಗಲೆಲ್ಲ ಮನಸ್ಸಿನಲ್ಲೇ ಹತ್ತು ಕಳೆಯುತ್ತಿದ್ದ. ಹಾಗೆ ಕಳೆಯುವುದರಲ್ಲಿ ಅವನಿಗೊಂದು ಹೆಮ್ಮೆಯೂ ಇತ್ತು. ಇಷ್ಟು ದೊಡ್ಡ ಬೊಂಬಾಯಿಯಲ್ಲಿ ಸರಿಯಾದ ಸಮಯ ಗೊತ್ತಿರುವವನು ತಾನೊಬ್ಬನೇ ಎಂದು ಅವನು ನಂಬಿದ್ದ.

ಅವನ ಬೇಸರವೆಲ್ಲ ಲೋಕಲ್ ಮೇಲೆ. ಅವನ ಲೆಕ್ಕದಲ್ಲಿ ಪ್ರತಿ ಗಾಡಿಯೂ ಹತ್ತು ನಿಮಿಷ ತಡ, ಸ್ಟೇಷನ್ ಗಡಿಯಾರವೂ ಹತ್ತು ನಿಮಿಷ ಹಿಂದೆ.

"ಗಾಡಿ ತಡ ಆಗೋದು ಜನಕ್ಕೆ ಗೊತ್ತಾಗ್ಬಾರ್ದು ಅಂತ ಗಡಿಯಾರಾನೂ ಹಿಂದಿಟ್ಟಿದಾರೆ ಸ್ವಾಮಿ," ಎಂದು ಅವನು ಪಕ್ಕದಲ್ಲಿ ನೇತಾಡುವವರಿಗೆ ವಿವರಿಸುತ್ತಿದ್ದ. ಲೋಕಲ್ ಬಯ್ಯುವ ಯಾವ ಮಾತನ್ನೂ ಬೊಂಬಾಯಿಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲವಾದ್ದರಿಂದ ಅವರೂ ತಲೆಯಾಡಿಸುತ್ತಿದ್ದರು.

ನಂಜುಂಡನ ಆಫೀಸು ಇದ್ದದ್ದು ಫೋರ್ಟಿನ ಹಳೆಯ ಕಟ್ಟಡವೊಂದರಲ್ಲಿ. ನೀರಿನ ಪಂಪು ಮಾರುವ ಕಂಪನಿ. ಮಾಲೀಕರು ಕರಾವಳಿಯವರಾದ್ದರಿಂದ ಅರ್ಧ ಆಫೀಸು ಕನ್ನಡ ಮಾತಾಡುತ್ತಿತ್ತು; ಮಿಕ್ಕರ್ಧಕ್ಕೆ ಮಾತು ಬಾರದಿದ್ದರೂ ಬೈದದ್ದು ತಿಳಿಯುತ್ತಿತ್ತು. ಅಲ್ಲಿನ ಕಂಪ್ಯೂಟರ್ ವಿಭಾಗಕ್ಕೆ ನಂಜುಂಡನೇ ಹಿರಿಯ, ನಂಜುಂಡನೇ ಕಿರಿಯ. ತೊಂಬತ್ತೊಂದರಲ್ಲಿ ಹೊಸ ಯೂನಿಕ್ಸ್ ಯಂತ್ರ ಬಂದ ಮೇಲೆ ಹಳೆಯ ಹಾಜರಿ ಪುಸ್ತಕ ಮೂಲೆ ಸೇರಿ ಬಾಗಿಲ ಬಳಿ ಒಂದು ಟರ್ಮಿನಲ್ ಕುಳಿತಿತ್ತು. ಬಂದವರು ತಮ್ಮ ನಂಬರು ಒತ್ತಬೇಕು. ಒಂಬತ್ತೂವರೆ ದಾಟಿದ್ದರೆ ಯಂತ್ರ ಲೇಟ್ ಮಾರ್ಕ್ ಹಾಕುತ್ತಿತ್ತು. ಹಾಜರಿ ಪುಸ್ತಕದ ಕಾಲದಲ್ಲಿ ಗುಮಾಸ್ತನಿಗೆ ಒಂದು ಚಹಾ ಕುಡಿಸಿದರೆ ಕೆಲಸ ಆಗುತ್ತಿತ್ತು. ಯಂತ್ರ ಚಹಾ ಕುಡಿಯುತ್ತಿರಲಿಲ್ಲ.

ಮೂರು ವಾರದಿಂದ ಈ ಯಂತ್ರಕ್ಕೆ ಏನಾಗಿತ್ತೋ, ಇಡೀ ಆಫೀಸಿಗೆ ಲೇಟ್ ಮಾರ್ಕ್ ಬೀಳುತ್ತಿತ್ತು. ಮಿಕ್ಕವರಿಗೆ ಅದು ಬರಿಯ ಕಿರಿಕಿರಿ. ನಂಜುಂಡನಿಗೆ ಪ್ರಾಣಸಂಕಟ. ಅವನು ಇನ್ನೂ ಪ್ರೊಬೇಷನ್‌ನಲ್ಲಿದ್ದ. ಕನ್ಫರ್ಮ್ ಆದರೆ ವಿಲೆ ಪಾರ್ಲೆಯಲ್ಲಿ ಕಂಪನಿಯ ಎರಡು ಕೋಣೆಯ ಕ್ವಾರ್ಟರ್ಸ್. ಆಗದಿದ್ದರೆ ಮುಲುಂಡಿನಲ್ಲಿ ಸೋದರತ್ತೆ ಅಮ್ಮಣ್ಣಿಯವರ ಮನೆಯ ನಡುಹಾಲ್‌ನಲ್ಲಿ, ಸೀರೆಯ ಪರದೆ ಕಟ್ಟಿಕೊಂಡ ಅದೇ ಸಂಸಾರ. ಅತ್ತೆಗೆ ಹೊತ್ತುಹೊತ್ತಿಗೆ ಬಾಯಾರಿಕೆ. ನೀರಿನ ಹೂಜಿ ಇದ್ದದ್ದು ಪರದೆಯ ಈಚೆಗೆ, ಗಂಡಹೆಂಡಿರ ಕಡೆ. ಬಂದ ಅತ್ತೆ ನೀರು ಕುಡಿದು ಸುಮ್ಮನೆ ಹೋಗುವವರಲ್ಲ, ಒಂದು ಸಲಹೆ ಕೊಟ್ಟೇ ಹೋಗುವವರು. ಸುಮಿತ್ರಾ ಪಾರ್ಲೆಯ ಮನೆಯನ್ನು ಒಮ್ಮೆ ಹೊರಗಿನಿಂದ ನೋಡಿ ಬಂದಿದ್ದಳು. ಅಂದಿನಿಂದ ಅವಳು ಮನಸ್ಸಿನಲ್ಲೇ ಅಲ್ಲಿನ ಅಡಿಗೆಮನೆಗೆ ಡಬ್ಬಿ ಜೋಡಿಸುತ್ತಿದ್ದಳು.

ಹಿಂದಿನ ದಿನ ಮ್ಯಾನೇಜರ್ ವೆಂಕಟಸುಬ್ಬಯ್ಯನವರು ಕರೆದು ಹೇಳಿದ್ದರು. "ನೋಡಿ ನಂಜುಂಡ, ನಾಳೆ ನಿಮ್ಮ ಪ್ರೊಬೇಷನ್ ಮುಗಿಯುತ್ತೆ. ಇನ್ನೊಂದೇ ಒಂದು ಲೇಟ್ ಮಾರ್ಕ್ ಬಿತ್ತೂಂದ್ರೆ ಇನ್ನೊಂದು ವರ್ಷ ಎಕ್ಸ್‌ಟೆಂಡ್. ಕ್ವಾರ್ಟರ್ಸು ಬೇರೆಯವರಿಗೆ."

ಆದ್ದರಿಂದ ಅಂದು ನಂಜುಂಡ ಒಂದು ಗಾಡಿ ಮುಂಚೆಯೇ ಹತ್ತಿದ. ಅದು ಸಾಯನ್ ದಾಟಿದ ಮೇಲೆ ಏನೋ ನೆನಪಾದಂತೆ ನಿಂತುಕೊಂಡಿತು. ಕೊನೆಯ ಸ್ಟೇಷನ್ ವಿಟಿಯಲ್ಲಿ ಇಳಿದವನು ಟಿಫಿನ್ ಡಬ್ಬಿ ಎದೆಗವಚಿಕೊಂಡು ಓಡಿದ. ಆಫೀಸಿನ ಬಾಗಿಲಲ್ಲಿ ಜನ ಗುಂಪುಗಟ್ಟಿದ್ದರು. ಟರ್ಮಿನಲ್ ಒಂಬತ್ತು ಮೂವತ್ತೆರಡು ತೋರಿಸುತ್ತಿತ್ತು. ಯಾರೂ ನಂಬರು ಒತ್ತಿರಲಿಲ್ಲ.

ಡಿಸ್ಪ್ಯಾಚಿನ ಗುರಲಿಂಗಪ್ಪ ಟರ್ಮಿನಲ್‌ಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತಿದ್ದ. ವಿಜಾಪುರದ ಕಡೆಯ ಆಳು. ಅವನು ಅಡ್ಡ ನಿಂತರೆ ಪಂಪು ಕೂಡ ದಾಟುತ್ತಿರಲಿಲ್ಲ.

"ಬರ್ರಿ ನಂಜುಂಡಪ್ಪ! ನಿಮ್ಮ ದಾರೀನ ನೋಡಾಕ ಹತ್ತೀವಿ. ಈ ಮಿಷನ್ನು ಸುಳ್ಳ ಹೇಳಾಕ ಹತ್ತೈತಿ. ನನ್ನ ವಾಚಿನಾಗ ಐದು ಕಳದ್ರ ಈಗ ಒಂಬತ್ತು ಇಪ್ಪತ್ತೆರಡು ನೋಡ್ರಿ."

ಅಕೌಂಟ್ಸಿನ ಸುಬ್ಬಲಕ್ಷ್ಮಿ ತಮ್ಮ ಪುಟ್ಟ ವಾಚನ್ನು ಕಣ್ಣಿಗೆ ಹಿಡಿದರು. "ನಂದ್ರಲ್ಲಿ ಏಳು ಕಳೀಬೇಕು. ಕಳೆದ್ರೆ ಇಪ್ಪತ್ತೆರಡೇ ಬರುತ್ತೆ. ಪಾಟೀಲರದ್ರಲ್ಲೂ ಅಷ್ಟೇ."

ಒಬ್ಬೊಬ್ಬರ ಮನೆಯ ಸಮಯವೂ ಬೇರೆ, ಕಳೆಯುವ ಲೆಕ್ಕವೂ ಬೇರೆ, ಆದರೆ ಉತ್ತರ ಒಂದೇ. ನಂಜುಂಡ ತನ್ನ ವಾಚು ನೋಡಿ ಹತ್ತು ಕಳೆದ. ಒಂಬತ್ತು ಮೂವತ್ತೆರಡು. ಯಂತ್ರದ್ದೂ ಅದೇ. ಇಷ್ಟು ಜನ ಒಟ್ಟಾಗಿ ಕಳೆಯಲು ಬಾರದವರಿರಬೇಕು ಎಂದು ಅವನಿಗೆ ಮರುಕವಾಯಿತು.

"ಯಂತ್ರ ಸರಿಯಾಗೇ ಇದೆ," ಎಂದ.

"ಹಾಗಾದ್ರೆ ಒತ್ರೀ ನಿಮ್ಮ ನಂಬರು," ಎಂದರು ಸುಬ್ಬಲಕ್ಷ್ಮಿ.

ನಂಜುಂಡನ ಬೆರಳು ಕೀಲಿಯವರೆಗೆ ಹೋಗಿ ನಿಂತಿತು. ಪಾರ್ಲೆಯ ಅಡಿಗೆಮನೆಯ ಡಬ್ಬಿಗಳೆಲ್ಲ ಒಮ್ಮೆಗೇ ಕೆಳಗೆ ಬಿದ್ದಂತೆ ಅವನಿಗೆ ಕೇಳಿಸಿತು. ಬೆರಳು ಹಿಂದೆ ಬಂತು.

"ಮ್ಯಾನೇಜರ್ ಸಾಹೇಬ್ರು ಬರಾಕ ಇನ್ನೂ ಹೊತ್ತೈತಿ," ಎಂದ ಗುರಲಿಂಗಪ್ಪ. "ಅದರಾಗ ಮುಳ್ಳು ಹಿಂದ ತಿರುವಿ ಬಿಡ್ರಿ. ಜಲ್ದಿ."

ಹಾಗೆ ತಿರುಗಿಸಲು ಯಂತ್ರಕ್ಕೆ ಮುಳ್ಳಿರಲಿಲ್ಲ. ಕೈಯಿಂದ ಸಮಯ ತಿದ್ದಿದರೆ ತಿದ್ದಿದವನ ಹೆಸರಿನ ಸಮೇತ ವೆಂಕಟಸುಬ್ಬಯ್ಯನವರಿಗೆ ವರದಿ ಹೋಗುವಂತೆ ಏರ್ಪಾಟಾಗಿತ್ತು. ವರದಿಯಿಲ್ಲದೆ ತಿದ್ದುವ ದಾರಿ ಒಂದೇ. ಅಂಧೇರಿಯ ಕಂಪ್ಯೂಟರ್ ಕೇಂದ್ರದಲ್ಲಿ ಕಂಪನಿಯ ದೊಡ್ಡ ಯಂತ್ರವಿತ್ತು. ದಿನವೂ ರಾತ್ರಿ ತಂತಿಯ ಮೂಲಕ ಅದನ್ನು ಸಮಯ ಕೇಳಿ ಇಲ್ಲಿನ ಗಡಿಯಾರ ಸರಿಮಾಡುವ ಒಂದು ಪ್ರೋಗ್ರಾಮ್ ಇತ್ತು; ಬೇಕೆಂದಾಗ ಅದನ್ನು ಕೈಯಾರೆ ಓಡಿಸಲೂಬಹುದಿತ್ತು. ನಂಜುಂಡ ಮಷಿನ್ ರೂಮಿಗೆ ಹೋಗಿ ಕೈಪಿಡಿ ತೆರೆದ. ಇಡೀ ಆಫೀಸು ಚಪ್ಪಲಿ ಬಿಟ್ಟು ಹಿಂದೆಯೇ ಬಂತು. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರಬಾರದೆಂಬುದು ನಂಜುಂಡನೇ ಮಾಡಿದ ನಿಯಮ.

"ಈ ಪ್ರೋಗ್ರಾಮ್‌ಗೆ ಸುಮ್ಮನೆ ಹೆಸರು ಹೇಳಿದ್ರೆ ಸಾಲದು," ಎಂದು ಅವನು ವಿವರಿಸಿದ. "ಮುಂದೆ ಒಂದು ಅಡ್ಡಗೆರೆ ಎಳೆದು ಒಂದು ಅಕ್ಷರ ಹಾಕ್ಬೇಕು. ಕ್ಯೂ ಹಾಕಿದ್ರೆ ದೊಡ್ಡ ಯಂತ್ರವನ್ನ ಟೈಮ್ ಕೇಳುತ್ತೆ, ಅಷ್ಟೇ. ಏನೂ ಮುಟ್ಟೋದಿಲ್ಲ."

"ಮದುವೆ ಸಂಬಂಧ ವಿಚಾರಿಸಿದ ಹಾಗೆ," ಎಂದರು ಸುಬ್ಬಲಕ್ಷ್ಮಿ.

"ಡಿ ಹಾಕಿದ್ರೆ ಏನೇನು ಮಾಡ್ತೀನಿ ಅಂತ ಪುಟಗಟ್ಟಲೆ ಹೇಳುತ್ತೆ. ಮಾಡೋದಿಲ್ಲ."

"ನಮ್ಮ ಯೂನಿಯನ್ ಸೆಕ್ರೆಟರಿ ಇದ್ದಂಗ," ಎಂದ ಗುರಲಿಂಗಪ್ಪ.

"ದೊಡ್ಡ ಬಿ ಹಾಕಿದ್ರೆ ಯಾರಿಗೂ ಗೊತ್ತಾಗದ ಹಾಗೆ ನಿಧಾನವಾಗಿ ಸರಿಮಾಡುತ್ತೆ. ಹತ್ತು ನಿಮಿಷ ಸರಿಮಾಡೋಕೆ ಎರಡು ವಾರ ಬೇಕು. ಸಣ್ಣ ಬಿ ಹಾಕಿದ್ರೆ ಒಂದೇ ನೆಗೆತ."

"ಸಣ್ಣ ಬಿ!" ಎಂದು ಆಫೀಸು ಒಕ್ಕೊರಲಿನಿಂದ ಹೇಳಿತು.

ನಂಜುಂಡ ಹುಟ್ಟಿನಿಂದಲೇ ದೊಡ್ಡ ಬಿ ಜಾತಿಯ ಮನುಷ್ಯ. ಬಸ್ಸು ಪೂರ್ತಿ ನಿಂತ ಮೇಲೆಯೇ ಇಳಿಯುವವನು. ಆದ್ದರಿಂದ ಮೊದಲು ಕ್ಯೂ ಹಾಕಿ ಕೇಳಿದ. ಉತ್ತರ ಬಂತು: ವ್ಯತ್ಯಾಸ ಸೊನ್ನೆ.

"ನೋಡಿದ್ರಾ? ಅಂಧೇರಿ ಟೈಮೂ ಇದೇ," ಎಂದ ನಂಜುಂಡ, ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುತ್ತಿರುವುದು ಗೊತ್ತಿದ್ದೂ ಗೆದ್ದವನ ದನಿಯಲ್ಲಿ.

ಗುರಲಿಂಗಪ್ಪ ಫೋನೆತ್ತಿ ಅವನ ಕೈಗೆ ಕೊಟ್ಟ. ಅಂಧೇರಿಯಲ್ಲಿ ದೊಡ್ಡ ಯಂತ್ರ ನೋಡಿಕೊಳ್ಳುವವನು ಪುತ್ತೂರಿನ ಕೊರಗಪ್ಪ.

"ಎಂಥದು ಮಾರಾಯ್ರೆ, ಬೆಳಿಗ್ಗೆ ಬೆಳಿಗ್ಗೆ?"

"ಕೊರಗಪ್ಪ, ನಿಮ್ಮ ಯಂತ್ರದ ಟೈಮ್ ಸರಿ ಇದೆಯಾ?"

"ಸರಿ ಇಲ್ಲದೆ? ಮೂರು ವಾರದ ಹಿಂದೆ ಬ್ಯಾಟರಿ ಸತ್ತು ಹೋದಾಗ ನಾನು ನಿಮಗೇ ಫೋನ್ ಮಾಡಿ ಕೇಳಿದ್ದಲ್ವಾ? ನೀವು ಹೇಳಿದ ಟೈಮೇ ಇಟ್ಟದ್ದು. ಇಲ್ಲಿ ಕಿಟಕಿಯೇ ಇಲ್ಲ ಮಾರಾಯ್ರೆ, ನನಗೆ ಹಗಲು ಯಾವುದು ರಾತ್ರಿ ಯಾವುದು ಗೊತ್ತಾಗುವುದಿಲ್ಲ."

ನಂಜುಂಡನಿಗೆ ಸಮಾಧಾನವಾಯಿತು. ತಾನೇ ಕೊಟ್ಟ ಸಮಯವೆಂದ ಮೇಲೆ ಅನುಮಾನಕ್ಕೆ ಎಡೆಯಿಲ್ಲ. ಆದರೆ ಹಿಂದೆ ಇಡೀ ಆಫೀಸು ಉಸಿರು ಬಿಡುತ್ತಿತ್ತು. ಕಣ್ಣ ಮುಂದೆ ಅಮ್ಮಣ್ಣಿ ಅತ್ತೆ ಹೂಜಿಯ ಬಳಿ ನಿಂತಂತಿತ್ತು. ಅವನು ದನಿ ತಗ್ಗಿಸಿದ.

"ಕೊರಗಪ್ಪ, ಅದನ್ನ ಹತ್ತು ನಿಮಿಷ ಹಿಂದಕ್ಕೆ ಇಡಿ. ಕಾರಣ ಕೇಳ್ಬೇಡಿ."

"ಕೇಳುವುದಿಲ್ಲ. ಆಯ್ತು, ಇಟ್ಟೆ."

ನಂಜುಂಡ ಮತ್ತೆ ಕ್ಯೂ ಹಾಕಿದ. ಈಗ ಆರುನೂರು ಸೆಕೆಂಡು ವ್ಯತ್ಯಾಸ. ಕಣ್ಣು ಮುಚ್ಚಿ ಮನೆದೇವರಿಗೆ ತಪ್ಪೊಪ್ಪಿಗೆ ಹೇಳಿ, ಸಣ್ಣ ಬಿ ಒತ್ತಿದ. ಗಡಿಯಾರ ಒಂದೇ ನೆಗೆತಕ್ಕೆ ಒಂಬತ್ತೂವರೆಯ ಈಚೆಗೆ ಬಂದು ನಿಂತಿತು. ಜನ ಚಪ್ಪಲಿ ಹುಡುಕುವುದನ್ನೂ ಬಿಟ್ಟು ಬರಿಗಾಲಲ್ಲೇ ಬಾಗಿಲಿಗೆ ಓಡಿದರು. ಒಬ್ಬರಾದ ಮೇಲೊಬ್ಬರು ನಂಬರು ಒತ್ತಿದರು. ನಂಜುಂಡ ಕೊನೆಯವನು. ಲೇಟ್ ಮಾರ್ಕ್ ಬೀಳಲಿಲ್ಲ.

ಆದರೆ ನಂಜುಂಡನಿಗೆ ಅನ್ನ ಸೇರುವ ಹಾಗಿರಲಿಲ್ಲ. ಜೀವಮಾನದಲ್ಲಿ ಟಿಕೆಟ್ಟಿಲ್ಲದೆ ಲೋಕಲ್ ಹತ್ತಿದವನಲ್ಲ. ಕಾಲವನ್ನೇ ಕದ್ದು ಪಡೆದ ಮನೆಯಲ್ಲಿ ಹಾಲು ಉಕ್ಕಿಸುವುದು ಹೇಗೆ? ವೆಂಕಟಸುಬ್ಬಯ್ಯನವರು ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವನು ಅವರ ಮುಂದೆ ಕೈಕಟ್ಟಿ ನಿಂತು ಎಲ್ಲವನ್ನೂ ಒದರಿಬಿಟ್ಟ. ಬಾಗಿಲಾಚೆ ಕಿವಿಗೊಟ್ಟಿದ್ದ ಗುರಲಿಂಗಪ್ಪ ಹಣೆ ಬಡಿದುಕೊಂಡ.

ವೆಂಕಟಸುಬ್ಬಯ್ಯನವರು ಕನ್ನಡಕ ತೆಗೆದು ಒರೆಸಿದರು. "ಯಂತ್ರದಲ್ಲಿ ಈಗ ಎಷ್ಟು?"

"ಒಂಬತ್ತು ನಲವತ್ತು ಸಾರ್. ಸುಳ್ಳು ಟೈಮು."

"ನಿಮ್ಮ ವಾಚಲ್ಲಿ?"

"ಹತ್ತು ಗಂಟೆ ಸಾರ್. ಅದು ಹತ್ತು ನಿಮಿಷ ಮುಂದಿದೆ. ಅಂದ್ರೆ ನಿಜವಾದ ಟೈಮು ಒಂಬತ್ತು ಐವತ್ತು."

ವೆಂಕಟಸುಬ್ಬಯ್ಯನವರು ತಮ್ಮ ಕೈ ಮುಂದೆ ಚಾಚಿದರು. ಅವರದು ದಾದರಿನ ಮನೆ. ಲೋಕಲ್ ಹತ್ತುವ ಗೋಜಿಲ್ಲ, ಕಂಪನಿಯ ಕಾರು. ದಿನವೂ ರೇಡಿಯೋ ಕೇಳಿ ವಾಚು ಸರಿಮಾಡಿಕೊಳ್ಳುವವರು. ಅದರಲ್ಲಿ ಒಂಬತ್ತು ನಲವತ್ತು.

ನಂಜುಂಡ ಆ ವಾಚನ್ನು ನೋಡಿದ, ತನ್ನದನ್ನು ನೋಡಿದ. ಮೂರು ವಾರದ ಲೇಟ್ ಮಾರ್ಕುಗಳು, ತಡವಾಗಿ ಬರುವ ಗಾಡಿಗಳು, ಹಿಂದುಳಿದ ಸ್ಟೇಷನ್ ಗಡಿಯಾರ ಎಲ್ಲವೂ ಸಾಲಾಗಿ ಬಂದು ಅವನೆದುರು ನಿಂತವು. ಅವನ ವಾಚು ಹತ್ತಲ್ಲ, ಇಪ್ಪತ್ತು ನಿಮಿಷ ಮುಂದಿತ್ತು.

"ಅಂದ್ರೆ ಮೂರು ವಾರದಿಂದ ಇಡೀ ಆಫೀಸಿಗೆ ತಪ್ಪು ಟೈಮ್ ಕೊಟ್ಟವರು ನೀವು," ಎಂದರು ವೆಂಕಟಸುಬ್ಬಯ್ಯನವರು ಶಾಂತವಾಗಿ. "ಇವತ್ತು ಮೋಸ ಮಾಡೋಕೆ ಹೋಗಿ ಸರಿಮಾಡಿದೀರಿ."

"ಹೌದು ಸಾರ್."

"ಎಲ್ಲರ ಲೇಟ್ ಮಾರ್ಕೂ ಕ್ಯಾನ್ಸಲ್. ನಿಮ್ದೂ ಕ್ಯಾನ್ಸಲ್. ಬಂದು ಹೇಳಿದಿರಲ್ಲ, ಅದು ನನಗೆ ಹಿಡಿಸ್ತು. ಆದ್ರೆ ಯಂತ್ರದ ಟೈಮ್ ನೋಡ್ಕೊಳ್ಳೋ ಮನುಷ್ಯನಿಗೆ ತನ್ನ ಟೈಮ್ ನೋಡ್ಕೊಳ್ಳೋಕೆ ಬರುತ್ತಾ ಅಂತ ನಾನು ನೋಡ್ಬೇಕು. ನಾಳೆ ಒಂದು ದಿನ. ಒಂಬತ್ತೂವರೆ ಒಳಗೆ ನಂಬರ್ ಒತ್ತಿದ್ರೆ ಕನ್ಫರ್ಮೇಷನ್ನಿಗೆ ಸಹಿ ಹಾಕ್ತೀನಿ. ಇಲ್ದಿದ್ರೆ ನನ್ನನ್ನ ಏನೂ ಕೇಳ್ಬೇಡಿ."

ಸಂಜೆ ಮನೆಯಲ್ಲಿ ನಂಜುಂಡ ಹೆಂಡತಿಗೆ ಅರ್ಧ ಕತೆ ಮಾತ್ರ ಹೇಳಿದ. ಯಾವನೋ ದಡ್ಡ ಆಫೀಸಿನ ಯಂತ್ರಕ್ಕೆ ಹತ್ತು ನಿಮಿಷ ಮುಂದಿನ ಸಮಯ ಇಟ್ಟಿದ್ದನಂತೆ, ತಾನು ಕಂಡುಹಿಡಿದನಂತೆ, ನಾಳೆ ವೇಳೆಗೆ ಸರಿಯಾಗಿ ಹೋದರೆ ಪಾರ್ಲೆಯ ಮನೆ ಖಾತ್ರಿಯಂತೆ. ತನ್ನ ವಾಚು ಅದಾಗಿಯೇ ಇನ್ನೂ ಹತ್ತು ನಿಮಿಷ ಓಡಿದೆಯೆಂದು ಹೇಳಲು ಅವನಿಗೆ ನಾಚಿಕೆಯಾಯಿತು. ನಾಳೆಯಿಂದ ಇಪ್ಪತ್ತು ಕಳೆದರಾಯಿತು ಎಂದುಕೊಂಡ.

ಸುಮಿತ್ರಾಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಗಂಡ ಮನಸ್ಸಿನಲ್ಲಿ ಹತ್ತು ಕಳೆಯುವುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅದಕ್ಕೇ ಒಂದು ದಿನ ಸದ್ದಿಲ್ಲದೆ ಎರಡು ಗಡಿಯಾರಕ್ಕೂ ಇನ್ನೂ ಹತ್ತು ಸೇರಿಸಿದ್ದಳು. ಆ ದಡ್ಡ ಯಾರೆಂದು ಅವಳಿಗೆ ತಿಳಿಯಿತು. ದಡ್ಡನನ್ನು ಹಾಗೆ ಮಾಡಿದವಳು ಯಾರೆಂದೂ ತಿಳಿಯಿತು. ಅವಳಿಗೆ ಪಾಪ ಎನಿಸಿತು. ಹೇಳಿದರೆ ಬೇಸರ ಮಾಡಿಕೊಂಡಾರು ಎಂದು ಮತ್ತೆ ಸೌಟು ಆಡಿಸಿದಳು.

ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ, ರೇಡಿಯೋದಲ್ಲಿ ಸಮಯ ಹೇಳುವುದನ್ನೇ ಕಾದು, ಗೋಡೆ ಗಡಿಯಾರವನ್ನೂ ಕೈಗಡಿಯಾರವನ್ನೂ ಕ್ಷಣ ತಪ್ಪದಂತೆ ಸರಿಮಾಡಿ ಇಟ್ಟಳು. ಇನ್ನು ಮೇಲೆ ಯಾರೂ ಏನೂ ಕಳೆಯಬೇಕಿಲ್ಲ ಎಂದು ಅವಳ ಮನಸ್ಸು ಹಗುರವಾಯಿತು.

ನಂಜುಂಡ ವಾಚು ಕಟ್ಟಿಕೊಂಡು ನೋಡಿ, ಇಪ್ಪತ್ತು ಕಳೆದ. ಬೇಕಾದಷ್ಟು ಹೊತ್ತಿತ್ತು. ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡ.

"ರೀ, ಹೊತ್ತಾಗ್ಲಿಲ್ವಾ?" ಎಂದಳು ಸುಮಿತ್ರಾ.

"ನನಗೆ ಲೆಕ್ಕ ಗೊತ್ತಿದೆ ಕಣೇ," ಎಂದು ಅವನು ಕಾಫಿಯನ್ನು ಆರಿಸಿಕೊಂಡು ಕುಡಿದ.

ಸ್ಟೇಷನ್ನಿಗೆ ಬಂದಾಗ ಅವನ ಗಾಡಿಯಿರಲಿ, ಅದರ ಮುಂದಿನದೂ ಹೋಗಿತ್ತು. ತಲೆಯೆತ್ತಿ ನೋಡಿದ. ಸ್ಟೇಷನ್ ಗಡಿಯಾರವೂ ಅವನ ವಾಚೂ ಮೊದಲ ಬಾರಿಗೆ ಒಂದೇ ಸಮಯ ಹೇಳುತ್ತಿದ್ದವು.

ಆಫೀಸಿನ ಬಾಗಿಲಲ್ಲಿ ಟರ್ಮಿನಲ್ ಒಂಬತ್ತು ನಲವತ್ತಾರು ತೋರಿಸುತ್ತಿತ್ತು. ಪಕ್ಕದಲ್ಲಿ ವೆಂಕಟಸುಬ್ಬಯ್ಯನವರು ಸಹಿ ಹಾಕದ ಕನ್ಫರ್ಮೇಷನ್ ಕಾಗದವನ್ನು ನಾಲ್ಕಾಗಿ ಮಡಚುತ್ತ ನಿಂತಿದ್ದರು. ನಂಜುಂಡ ನಂಬರು ಒತ್ತಿದ. ಇಡೀ ಆಫೀಸಿನಲ್ಲಿ ಅಂದು ಲೇಟ್ ಮಾರ್ಕ್ ಬಿದ್ದದ್ದು ಅವನೊಬ್ಬನಿಗೇ. ಯಂತ್ರದ ಸಮಯ ತಪ್ಪಿದೆ ಎನ್ನಲು ಬಾಯಿ ತೆರೆದ. ಅದನ್ನು ಸರಿಮಾಡಿದವನು ತಾನೇ ಎಂಬುದು ನೆನಪಾಗಿ ಮುಚ್ಚಿಕೊಂಡ.