ಅರ್ಧ ಹಾಳೆಯ ಯಶಸ್ಸು

ಮುಖ್ಯ ಮಾರ್ಗದರ್ಶನಾಧಿಕಾರಿಗಳ ಸನ್ನಿಧಿಗೆ,
ಗರುಡದೂತ ಫ್ಯಾಕ್ಸ್ ತಂತ್ರಾಂಶ ಕಂಪನಿ, ಬೆಂಗಳೂರು.

ಮಾನ್ಯರೇ,

ಶಿಡ್ಲಘಟ್ಟದಿಂದ, ರೇಷ್ಮೆಗೂಡು ಬೇಯುವ ಹಬೆಯ ನಡುವಿನಿಂದ, ತಮ್ಮ ಕಂಪನಿಯ ಸರ್ವರಿಗೂ, ಅಂದರೆ ಸಿಬ್ಬಂದಿಗೂ ಯಂತ್ರಗಳಿಗೂ ಸಮನಾಗಿ, ನನ್ನ ಅನಂತ ನಮಸ್ಕಾರಗಳು. ‘ನಿಮ್ಮ ಉದ್ದಿಮೆಯ ಸರ್ವರಿಗೆ ತಕ್ಕ ಫ್ಯಾಕ್ಸ್ ತಂತ್ರಾಂಶ ಮತ್ತು ಮೋಡೆಮ್ ಆರಿಸುವುದು ಹೇಗೆ’ ಎಂದು ತಾವು ಜಾಲತಾಣದಲ್ಲಿ ಬರೆದಿರುವ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಭಕ್ತಿಯಿಂದ ಓದಿ, ಅದರಂತೆಯೇ ನಡೆದುಕೊಂಡವಳು ಬಹುಶಃ ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಆ ಹೆಮ್ಮೆಯನ್ನು ನನ್ನೊಬ್ಬಳಲ್ಲೇ ಇಟ್ಟುಕೊಳ್ಳುವುದು ಸ್ವಾರ್ಥವಾದೀತೆಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಹೆಸರು ಶ್ರೀವಲ್ಲಿ. ಮುನಿನಾರಾಯಣಪ್ಪನವರ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಆಫೀಸು ನೋಡಿಕೊಳ್ಳುವವಳು. ನಮ್ಮ ನೂಲಿನ ಬಹುಪಾಲು ಸೀರೆ ನೇಯುವವರಿಗೆ ಹೋಗುತ್ತದೆ. ಸ್ವಲ್ಪ ಮಾತ್ರ ಜಪಾನಿಗೆ, ಹಿರಾನೋ ಎಂಬ ವೃದ್ಧೆಗೆ. ಆಕೆ ಅಲ್ಲಿ ಸಂಗೀತದ ವಾದ್ಯಗಳಿಗೆ ರೇಷ್ಮೆಯ ತಂತಿ ಮಾಡುತ್ತಾರೆ. ಇಮೇಲ್ ಇಲ್ಲ, ಮೊಬೈಲ್ ಇಲ್ಲ. ಬೇಕಾದ ನೂಲಿನ ಚಿತ್ರವನ್ನು ಕೈಯಲ್ಲೇ ಬರೆದು, ದಪ್ಪ ಎಷ್ಟು, ಎಳೆ ಹೊಸೆಯುವ ಹುರಿ ಎಡಕ್ಕೋ ಬಲಕ್ಕೋ ಎಂದು ಪಕ್ಕದಲ್ಲಿ ಒಂದೆರಡು ಇಂಗ್ಲಿಷ್ ಪದ ಗೀಚಿ, ತಿಂಗಳಿಗೊಮ್ಮೆ ಫ್ಯಾಕ್ಸ್ ಕಳಿಸುತ್ತಾರೆ. ನಮ್ಮಲ್ಲಿ ಅಕ್ಕಯಮ್ಮ ಮತ್ತು ಅವರ ಜತೆಯ ಇಬ್ಬರು ಹೆಂಗಸರು ಕೈರಾಟೆಯಲ್ಲಿ ಹುರಿ ಹಾಕುವುದು ಈ ಒಬ್ಬ ಗಿರಾಕಿಗಾಗಿಯೇ. ಆಕೆಯ ಆರ್ಡರ್ ನಿಂತರೆ ರಾಟೆಯೂ ನಿಲ್ಲುತ್ತದೆ, ಅವರ ಕೆಲಸವೂ ನಿಲ್ಲುತ್ತದೆ.

ಹೀಗಿರಲು ನಮ್ಮ ಹಳೆಯ ಫ್ಯಾಕ್ಸ್ ಯಂತ್ರದೊಳಗೆ ಹಲ್ಲಿಯೊಂದು ಹೊಕ್ಕು ಪ್ರಾಣ ಬಿಟ್ಟಿತು, ಯಂತ್ರವೂ ಅದರ ಜತೆ ಸಹಗಮನ ಮಾಡಿತು. ಹಲ್ಲಿ ಲೊಚಗುಟ್ಟಿದರೆ ಏನು ಫಲ, ಮೈಮೇಲೆ ಬಿದ್ದರೆ ಏನು ಫಲ ಎಂಬುದೆಲ್ಲ ಪಂಚಾಂಗದಲ್ಲಿದೆ, ಫ್ಯಾಕ್ಸಿನೊಳಗೆ ಸತ್ತರೆ ಏನೆಂಬುದು ಮಾತ್ರ ಇಲ್ಲ. ಮುನಿನಾರಾಯಣಪ್ಪನವರು, “ಲೆಕ್ಕಕ್ಕೆ ಅಂತ ಹೊಸ ಸರ್ವರ್ ತಂದಿದೀವಲ್ಲಮ್ಮ, ಅದರೊಳಗೇ ಫ್ಯಾಕ್ಸೂ ಕೂರಿಸಿಬಿಡು,” ಎಂದರು. ಆಫೀಸಿನ ಕೋಣೆಯೊಳಗೆ ಇನ್ನೊಂದು ಬೀರು ಕೂರಿಸು ಎನ್ನುವಷ್ಟೇ ಸಲೀಸಾಗಿ ಅಂದರು. ನಾನು ತಮ್ಮ ಲೇಖನಕ್ಕೆ ಶರಣಾದೆ.

ತಮ್ಮ ಮೊದಲ ಪ್ರಶ್ನೆ, ‘ನಿಮ್ಮ ಸಂಸ್ಥೆಗೆ ದಿನಕ್ಕೆ ಎಷ್ಟು ಫ್ಯಾಕ್ಸ್ ಬರುತ್ತವೆ?’ ಎಂಬುದು. ಆರಿಸಿಕೊಳ್ಳಲು ತಾವು ಕೊಟ್ಟಿದ್ದ ಉತ್ತರಗಳಲ್ಲಿ ಅತ್ಯಂತ ಚಿಕ್ಕದು ‘ಐದು ಸಾವಿರದವರೆಗೆ’. ತಿಂಗಳಿಗೆ ಒಂದು ಎಂಬುದೂ ಐದು ಸಾವಿರದೊಳಗೇ ಬರುವುದರಿಂದ ನಾನು ಸುಳ್ಳು ಹೇಳದೆ ಅದನ್ನೇ ಒತ್ತಿದೆ. ಮರುದಿನ ಬೆಳಿಗ್ಗೆಯೇ ತಮ್ಮ ಇಂಜಿನಿಯರ್ ಅಚ್ಯುತ್ ಅವರು ಟೈ ಕಟ್ಟಿಕೊಂಡು ಕಾರಿನಲ್ಲಿ ಬಂದಿಳಿದು, ಬೇಯುವ ಗೂಡಿನ ವಾಸನೆಗೆ ಕರವಸ್ತ್ರವನ್ನು ಮೂಗಿಗೆ ಹಿಡಿದು, “ಮೇಡಂ, ಕ್ಯಾಂಪಸ್ ಎಲ್ಲಿದೆ?” ಎಂದು ವಿಚಾರಿಸಿದರು. ಅವರು ನಿಂತಿದ್ದದ್ದೇ ಕ್ಯಾಂಪಸ್ಸಿನ ನಟ್ಟನಡುವೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಆದರೂ ಅವರು ಧೈರ್ಯಗೆಡಲಿಲ್ಲ. ಮೋಡೆಮ್ ಎಂದರೆ ಟೆಲಿಫೋನಿನಲ್ಲಿ ಬರುವ ಕೀರಲು ಸದ್ದನ್ನು ಅಕ್ಷರ ಮಾಡಿಕೊಡುವ ವಸ್ತು ಎಂದು ತಿಳಿಹೇಳಿ, ಸರ್ವರಿನ ಒಳಗೆ ಕೂರುವಂಥದ್ದನ್ನು ಮೊದಲು ತಂದರು. ನಮ್ಮ ಸರ್ವರಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೊರಗೆ ಕೂರುವಂಥದ್ದನ್ನು ತಂದರು. ಅದರ ಕೇಬಲ್ಲಿಗೆ ತಕ್ಕ ತೂತು ಇರಲಿಲ್ಲ. ತೂತಿಗೆ ತೂತು ಜೋಡಿಸುವ ಇನ್ನೊಂದು ಕೇಬಲ್ ತಂದರು. ಆಗ ತಮ್ಮ ತಂತ್ರಾಂಶ ಕೇಬಲ್ಲನ್ನು ಗುರುತು ಹಿಡಿಯಿತೇ ಹೊರತು ಅದರ ತುದಿಯಲ್ಲಿ ಕೂತಿದ್ದ ಮೋಡೆಮನ್ನು ಗುರುತು ಹಿಡಿಯಲೊಲ್ಲದು. ಮದುವೆಯಲ್ಲಿ ವಾಲಗದವರನ್ನು ಮಾತಾಡಿಸಿ ಮದುಮಗನನ್ನು ಯಾರೆಂದು ಕೇಳುವವರೂ ಇರುತ್ತಾರಲ್ಲವೇ, ಹಾಗೆ. ಅಚ್ಯುತ್ ಟೈ ಸಡಿಲಿಸಿಕೊಂಡು, ನಾನು ಕೊಟ್ಟ ಕಾಫಿ ಕುಡಿಯುತ್ತ, ಮೆಲ್ಲಗೆ ಹೇಳಿದರು: “ಮೇಡಂ, ನಿಜ ಹೇಳ್ಲಾ? ನಾನು ಹುಟ್ಟಿದ್ಮೇಲೆ ಯಾರೂ ಫ್ಯಾಕ್ಸ್ ಕಳ್ಸಿದ್ದನ್ನ ನೋಡಿಲ್ಲ.” ಅಂಥವರನ್ನೇ ಹುಡುಕಿ ಕಳಿಸಿದ ತಮ್ಮ ನಿಷ್ಪಕ್ಷಪಾತ ಬುದ್ಧಿಗೆ ಕೈ ಮುಗಿಯುತ್ತೇನೆ.

ಕೊನೆಗೊಂದು ಶುಕ್ರವಾರ ಎಲ್ಲವೂ ಕೂಡಿಕೊಂಡು, ಹಿರಾನೋ ಅವರ ಫ್ಯಾಕ್ಸ್ ಬಂದೇ ಬಂತು. ಹಾಳೆಯ ಮೇಲರ್ಧದಲ್ಲಿ ನೂಲಿನ ಚಿತ್ರವಿತ್ತು, ಕೆಳಗರ್ಧ ಶುಭ್ರ ಬಿಳುಪು. ಹುರಿ ಎಡಕ್ಕೋ ಬಲಕ್ಕೋ ಎಂಬುದು ಆ ಬಿಳುಪಿನಲ್ಲಿ ಲೀನವಾಗಿತ್ತು. ತಮ್ಮ ತಂತ್ರಾಂಶ ಮಾತ್ರ ಹಸಿರು ಅಕ್ಷರದಲ್ಲಿ ‘ಯಶಸ್ವಿಯಾಗಿ ಸ್ವೀಕರಿಸಲಾಗಿದೆ’ ಎಂದು ಘೋಷಿಸಿತು. ನಮ್ಮ ಪರೀಕ್ಷೆಗಳಲ್ಲಿ ಮೂವತ್ತೈದಕ್ಕೇ ಪಾಸು ಮಾಡುವಾಗ ಐವತ್ತು ತೆಗೆದ ತಮ್ಮನ್ನು ಆಕ್ಷೇಪಿಸಲು ನಾನ್ಯಾರು?

ಆದರೆ ಅಕ್ಕಯಮ್ಮ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಯಾವ ಕಡೆಗೆ ತಿರುಗಿಸ್ಲಮ್ಮಾ? ಆ ಯಮ್ಮ ಒಂದೊಂದ್ ಸಲ ಒಂದೊಂದ್ ತರ ಕೇಳ್ತಾರೆ. ಹುರಿ ಬಿದ್ಮೇಲೆ ಬಿಚ್ಚಕಾಗಲ್ಲ,” ಎಂದು ರಾಟೆಯ ಮುಂದೆ ಕೈ ಕಟ್ಟಿ ಕೂತರು. ತಪ್ಪಿದರೆ ಆರಿಸಿ ತಂದ ಗೂಡೆಲ್ಲ ಹಾಳು. ತಡವಾದರೆ ಹಡಗು ತಪ್ಪುತ್ತದೆ, ಹಿರಾನೋ ಬೇರೆ ಕಡೆ ನೂಲು ಹುಡುಕಿಕೊಳ್ಳುತ್ತಾರೆ. ತಮ್ಮ ಸಹಾಯವಾಣಿಯನ್ನು ಕೇಳಿದೆ. ಅಲ್ಲಿದ್ದ ಯಂತ್ರಮಾನವಿ, ‘ದಯವಿಟ್ಟು ಲೈನಿನಲ್ಲಿ ಬರುವ ಸದ್ದಿನ ಫೋಟೋ ಕಳುಹಿಸಿ’ ಎಂದಳು. ಟೆಲಿಫೋನಿನವರನ್ನು ಕೇಳಿದರೆ, ತಾಮ್ರದ ತಂತಿ ಕಿತ್ತು ಫೈಬರ್ ಎಂಬ ಗಾಜಿನ ತಂತಿ ಹಾಕಿರುವುದರಿಂದ ಮಾತು ಸೊಗಸಾಗಿ ಕೇಳುತ್ತದೆ, ಫ್ಯಾಕ್ಸಿನ ಕೀರಲು ಮಾತ್ರ ನಡುದಾರಿಯಲ್ಲಿ ಹರಿದುಹೋಗುತ್ತದೆ ಎಂದರು. ಇದನ್ನು ತಮ್ಮ ಲೇಖನದಲ್ಲಿ ಹುಡುಕಿದೆ. ಸರ್ವರಿನ ಬಣ್ಣದ ಬಗ್ಗೆ ಒಂದು ಪ್ಯಾರಾ ಇತ್ತು, ತಂತಿಯ ಬಗ್ಗೆ ಇರಲಿಲ್ಲ.

ಮಾತು ಸೊಗಸಾಗಿ ಕೇಳುತ್ತದೆಯಲ್ಲ, ಮಾತೇ ಆಡೋಣವೆಂದು ಜಪಾನಿಗೆ ಫೋನ್ ಮಾಡಿದೆವು. ಹಿರಾನೋ ಅವರೇ ಎತ್ತಿಕೊಂಡರು. “ಲೆಫ್ಟಾ?” ಎಂದೆ. “ಹಾಯ್,” ಎಂದರು. “ರೈಟಾ?” ಎಂದೆ. ಅದಕ್ಕೂ “ಹಾಯ್”. ಅವರ ಭಾಷೆಯಲ್ಲಿ ಅದು ‘ಹೂಂ’ ಎನ್ನುವ ಮಾತಂತೆ. ಮೊಬೈಲಿನ ಅನುವಾದಕಕ್ಕೆ ‘ಹುರಿ ಎಡಕ್ಕೋ ಬಲಕ್ಕೋ’ ಎಂದು ಒಪ್ಪಿಸಿ, ಅದು ಜಪಾನಿನ ಭಾಷೆಯಲ್ಲಿ ಉಲಿದದ್ದನ್ನು ಫೋನಿಗೆ ಹಿಡಿದೆ. ಆ ಕಡೆಯಿಂದ ಬಂದ ಉತ್ತರವನ್ನು ಅನುವಾದಕ ಹೀಗೆ ಓದಿತು: ‘ಧನ್ಯವಾದಗಳು, ನನ್ನ ಊಟ ಆಗಿದೆ.’ ಹುರಿ ಎಂದರೆ ಬಾಣಲೆಯಲ್ಲಿ ಹುರಿಯುವುದೆಂದು ಅದು ತಿಳಿದಿತ್ತು. ಕಡಲಾಚೆಯ ಮುದುಕಿಗೆ ಫೋನ್ ಮಾಡಿ, ಎಡಭಾಗ ಹುರಿಯಲೋ ಬಲಭಾಗ ಹುರಿಯಲೋ ಎಂದು ಕೇಳಿದ್ದೆವು!

ಮುನಿನಾರಾಯಣಪ್ಪನವರು ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಕನ್ನಡ ಅರ್ಥವಾಗದವರಿಗೆ ತೆಲುಗು ಅರ್ಥವಾಗಿಯೇ ಆಗುತ್ತದೆ ಎಂಬುದು ನಮ್ಮ ಕಡೆಯ ತಲತಲಾಂತರದ ನಂಬಿಕೆ. “ಎಡಮಕಾ, ಕುಡಿಕಾ, ಚೆಪ್ಪಮ್ಮಾ!” ಎಂದು ಬೀದಿಯಾಚೆಗೂ ಕೇಳುವಂತೆ ಕೂಗಿದರು. ಆಕೆ ನಕ್ಕರು, ಮುನಿನಾರಾಯಣಪ್ಪನವರೂ ನಕ್ಕರು. ಹುರಿಯ ವಿಷಯ ಇದ್ದಲ್ಲೇ ಇತ್ತು. ಅಕ್ಕಯಮ್ಮ ಮಾತ್ರ ನಗಲಿಲ್ಲ. “ನಾಳೆಯಿಂದ ಬರೋದು ಬೇಡ ಅಂದ್ರೆ ಈಗ್ಲೇ ಹೇಳ್ಬಿಡಣ್ಣ,” ಎಂದರು. ಮುನಿನಾರಾಯಣಪ್ಪನವರ ನಗು ಅಲ್ಲಿಗೇ ನಿಂತಿತು.

ಜೀವಂತ ಫ್ಯಾಕ್ಸ್ ಎಲ್ಲಾದರೂ ಇದೆಯೇ ಎಂದು ಕಂಡಕಂಡವರನ್ನು ವಿಚಾರಿಸಿದಾಗ ಗೌರಿಬಿದನೂರಿನ ಅಮ್ಮಾಜಮ್ಮನವರ ಹೆಸರು ಕೇಳಿಬಂತು. ಜೆರಾಕ್ಸ್ ಅಂಗಡಿಯವರು. ಗಾಜಿನ ತಂತಿಗೆಂದು ರಸ್ತೆ ಅಗೆಯುವವರು ಅವರ ಬೀದಿಯ ಮೂಲೆಯವರೆಗೆ ಬಂದು, ಏನು ಮನಸ್ತಾಪವೋ, ಹಾರೆ ಗುದ್ದಲಿ ಹೊತ್ತು ಹೊರಟುಹೋಗಿದ್ದರಿಂದ ಅಲ್ಲಿ ತಾಮ್ರ ಇನ್ನೂ ಉಳಿದಿತ್ತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ನಾನೂ ಅಕ್ಕಯಮ್ಮನೂ ಹೋದೆವು. ಅಮ್ಮಾಜಮ್ಮ ಕ್ರೋಷಾ ಹೊದಿಕೆ ಸರಿಸಿ ಯಂತ್ರಕ್ಕೆ ಜೀವ ಕೊಟ್ಟರು. ಬಿಳಿ ಹಾಳೆಯಲ್ಲಿ ಎರಡು ನೂಲು ಬರೆದು, ಒಂದಕ್ಕೆ ಎಡಗಡೆ ಬಾಣ, ಇನ್ನೊಂದಕ್ಕೆ ಬಲಗಡೆ ಬಾಣ, ನಡುವೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಕೆಳಗೆ ಆ ಅಂಗಡಿಯ ನಂಬರು ಬರೆದು ಕಳಿಸಿದೆವು. ಯಂತ್ರ ಕೀರಿತು, ಗೊರಗುಟ್ಟಿತು, ಸುಮ್ಮನಾಯಿತು. ಅಕ್ಕಯಮ್ಮ ಸೆರಗಿನ ತುದಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಅಮ್ಮಾಜಮ್ಮ ಕಲಸಿಕೊಟ್ಟ ಅವಲಕ್ಕಿ ಇನ್ನೂ ತಟ್ಟೆಯಲ್ಲಿದ್ದಾಗ ಉತ್ತರ ಬಂತು. ಪೂರ್ತಿ ಹಾಳೆ! ಎಡಗಡೆಯ ಬಾಣದ ಸುತ್ತ ಗುಂಡಗೆ ಸುತ್ತು ಹಾಕಿತ್ತು. ಅದರಡಿ, ನಡುಗುವ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದರ ಸಾರ ಇಷ್ಟು: ‘ಫೋನಿನಲ್ಲಿ ನಿಮ್ಮ ನೂಲು ತೆಗೆಯುವ ಯಂತ್ರಗಳ ಸದ್ದು ಕೇಳಿಸಿತು. ಇಷ್ಟು ವರ್ಷ ನೂಲು ನೋಡಿದ್ದೆ, ಅದು ಹುಟ್ಟುವ ಸದ್ದು ಕೇಳಿರಲಿಲ್ಲ. ನಿಮ್ಮ ಯಜಮಾನರ ಗಂಟಲು ತುಂಬ ಗಟ್ಟಿ.’ ಓದಿ ಹೇಳಿದೆ. ಅಕ್ಕಯಮ್ಮ ಕಣ್ಣೊರೆಸಿಕೊಂಡು, “ಮೊದ್ಲು ಬಸ್ ಹಿಡಿಯಮ್ಮ, ಎಡಕ್ಕೆ ಅಂತ ಗೊತ್ತಾಯ್ತಲ್ಲ,” ಎಂದರು. ನೂಲು ಹೋಯಿತು, ಹಡಗು ಸಿಕ್ಕಿತು. ಆ ಯಂತ್ರವನ್ನು ಕೊಡಿ ಎಂದು ಮುನಿನಾರಾಯಣಪ್ಪನವರು ಕೇಳಿ ನೋಡಿದರು. “ಮಾರಲ್ಲಪ್ಪ. ತಿಂಗ್ಳಿಗೊಂದ್ಸಲ ಬನ್ನಿ, ಊಟ ಮಾಡ್ಕೊಂಡು ಹೋಗಿ,” ಎಂದರು ಅಮ್ಮಾಜಮ್ಮ. ಈಗ ಹಾಗೆಯೇ ನಡೆದಿದೆ.

ಆದುದರಿಂದ ಮಾನ್ಯರಲ್ಲಿ ಕೆಲವು ಸಣ್ಣ ವಿನಂತಿಗಳು. ತಮ್ಮ ಪ್ರಶ್ನೆಗೆ ‘ತಿಂಗಳಿಗೊಂದು’ ಎಂಬ ಉತ್ತರವನ್ನೂ ಸೇರಿಸಬೇಕು, ಅಥವಾ ಹಿರಾನೋ ಅವರಿಗೆ ದಿನಕ್ಕೆ ಐದು ಸಾವಿರ ಫ್ಯಾಕ್ಸ್ ಬರೆಯಲು ಬೇಕಾದ ಕೈಗಳನ್ನು ತಾವೇ ಒದಗಿಸಬೇಕು. ಅರ್ಧ ಹಾಳೆಯನ್ನು ಯಶಸ್ಸೆನ್ನುವುದಾದರೆ ತಮ್ಮ ತಿಂಗಳ ಸಂಬಳವನ್ನೂ ಅದೇ ಅಳತೆಯಲ್ಲಿ ಯಶಸ್ವಿಯಾಗಿ ಸ್ವೀಕರಿಸಬೇಕು. ಅದೂ ಇದೂ ಕಷ್ಟವೆನಿಸಿದರೆ, ಶಿಡ್ಲಘಟ್ಟದಿಂದ ಜಪಾನಿನವರೆಗೆ ಕಡಲಿನಡಿಯಲ್ಲಿ ಒಂದೇ ಒಂದು ತಾಮ್ರದ ತಂತಿ ಎಳೆಸಿಕೊಟ್ಟರೆ ಸಾಕು, ನಮ್ಮ ಕಡೆಯ ಗುಂಡಿಯನ್ನು ನಾವೇ ತೋಡಿಕೊಳ್ಳುತ್ತೇವೆ. ಅಚ್ಯುತ್ ಅವರನ್ನು ದಯವಿಟ್ಟು ಬೈಯಬೇಡಿ. ಕಳೆದ ವಾರ ಅವರೇ ನಮ್ಮ ಜತೆ ಗೌರಿಬಿದನೂರಿಗೆ ಬಂದು, ಫ್ಯಾಕ್ಸ್ ಹೋಗುವುದನ್ನು ಕಣ್ಣಾರೆ ಕಂಡು, ವೀಡಿಯೊ ಮಾಡಿಕೊಂಡು ಹೋಗಿದ್ದಾರೆ.

ಅರ್ಧಕ್ಕೇ ನಿಂತುಹೋಗದ ಆದರಗಳೊಂದಿಗೆ,

ತಮ್ಮ ವಿಶ್ವಾಸಿ, ಇನ್ನೂ ಸ್ವಲ್ಪ ವಿಶ್ವಾಸ ಮಿಕ್ಕಿರುವ,
ಶ್ರೀವಲ್ಲಿ
ಶಿಡ್ಲಘಟ್ಟ

ತಾ.ಕ.: ತಂತ್ರಾಂಶವನ್ನು ಹಿಂದಿರುಗಿಸುವವರು ಸಹಿ ಮಾಡಿದ ಕೋರಿಕೆಯನ್ನು ಫ್ಯಾಕ್ಸ್ ಮೂಲಕವೇ ಕಳಿಸತಕ್ಕದ್ದು ಎಂಬ ತಮ್ಮ ನಿಯಮವನ್ನು ಪಾಲಿಸಲು ಅಮ್ಮಾಜಮ್ಮನವರ ಅಂಗಡಿಯಿಂದ ತಮ್ಮ ಕಂಪನಿಯ ಫ್ಯಾಕ್ಸ್ ನಂಬರನ್ನು ಒತ್ತಿದೆವು. ‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂದು ಹೆಣ್ಣುಧ್ವನಿಯೊಂದು ಮೂರು ಭಾಷೆಗಳಲ್ಲಿ ತಿಳಿಸಿತು. ಅಮ್ಮಾಜಮ್ಮ ಬಹಳ ಮರುಗಿದರು. “ಪಾಪ, ಅವ್ರಿಗೂ ಯಾರೂ ಒಳ್ಳೇ ಮೋಡೆಮ್ ಆರಿಸಿಕೊಟ್ಟಿಲ್ಲ ಅಂತ ಕಾಣುತ್ತೆ. ಬೇಕಾದ್ರೆ ಇಲ್ಲಿಗೇ ಬಂದು ಕಳ್ಸಕ್ಕೆ ಹೇಳಮ್ಮ,” ಎಂದಿದ್ದಾರೆ.