ಬ್ಯಾಟರಿ ಪರೀಕ್ಷೆ ಮಾಡುವವನ ಪಾಡು

ಹಳೇ ಬ್ಯಾಟರಿ ಸ್ಕೂಟರ್ ರಿಪೇರಿ ಮಾಡುವವನಿಗೆ ನಗುವಿಗೇನೂ ಬರವಿಲ್ಲ. ಅಫಜಲಪುರದಲ್ಲಿ ನನ್ನದೊಂದು ಅಂಗಡಿ. ಹಳೇ ಲಿಥಿಯಂ ಬ್ಯಾಟರಿಯನ್ನು ಪರೀಕ್ಷೆ ಮಾಡದೆ ಗಾಡಿಗೆ ಹಾಕಬಾರದು ಅಂತ ತರಬೇತಿಯಲ್ಲಿ ಕಲಿಸಿದ ಮೇಲಂತೂ ವಾರಕ್ಕೊಂದು ತಮಾಷೆ. ಮನೆಗೆ ಹೋಗಿ ಹೇಳೋಣವೆಂದರೆ ಹೆಂಡತಿ ಇಲ್ಲ. ನರ್ಸ್ ಕೆಲಸ, ಜೇವರ್ಗಿಗೆ ವರ್ಗವಾಗಿದೆ. ಒಬ್ಬನೇ ನಕ್ಕರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಎಷ್ಟನೇ ಕೈ?

ಕರಜಗಿಯ ಗೌಡರೊಬ್ಬರು ಬ್ಯಾಟರಿ ತಂದರು. "ಸೆಕೆಂಡ್ ಹ್ಯಾಂಡ್ ಏನ್ರಿ?" ಅಂದೆ.

ಅವರಿಗೆ ಸಿಟ್ಟೇ ಬಂತು. "ಸೆಕೆಂಡ್ ಯಾಕ್ರಿ? ನಮ್ಮ ಅಳಿಯ ತಗೊಂಡ, ಅವನ ತಮ್ಮ ಓಡಿಸಿದ, ತಮ್ಮನ ಮಾವ ನನಗ ಮಾರಿದ. ನಾಲ್ಕನೇ ಕೈ! ಭಾಳ ಅನುಭವ ಅದ ಇದಕ್ಕ."

ಮೈ ಹಿಡಿದದ್ದು

ಗೊಬ್ಬೂರದಿಂದ ಒಬ್ಬ ಚಾಚಾ ಬಂದರು.

"ಬ್ಯಾಟರಿ ಉಬ್ಬೇದ ಚಾಚಾ, ಹಾಕಂಗಿಲ್ಲ. ಬೆಂಕಿ ಹತ್ತತದ."

"ಉಬ್ಬಿಲ್ಲ ಬೇಟಾ. ನಮ್ಮ ಮನ್ಯಾಗ ನಾಕ್ ದಿನ ಇದ್ದೋರೆಲ್ಲ ಹಿಂಗೇ ಮೈ ಹಿಡೀತಾರ. ನಿಮ್ಮ ಚಾಚಿ ಅಡಗಿ ಹಂಗದ!"

ಬ್ಯಾಟರಿ ಬದಿಗಿಟ್ಟೆ. ಮಧ್ಯಾಹ್ನ ಹೋಟೆಲಿನ ತಣ್ಣನೆ ರೊಟ್ಟಿ ಮುರಿಯುವಾಗ ಹೆಂಡತಿಯ ಕೈರುಚಿ ನೆನಪಾಗಿ ತಾಟು ಸರಿಸಿ ಎದ್ದೆ. ಆ ದಿನ ಊರಲ್ಲಿ ಉಬ್ಬದೇ ಉಳಿದದ್ದು ನನ್ನ ಹೊಟ್ಟೆಯೊಂದೇ.

ಜೇವರ್ಗಿ ಸವಾರಿ

ಗಾಡಿಯ ಮೇಲೆ ನನ್ನ ಹಿಂದೆ ಕೂತು ಭೀಮಾ ಹೊಳೆ ನೋಡಬೇಕೆಂದು ಹೆಂಡತಿ ಮದುವೆಯಾದ ಹೊಸದರಲ್ಲೇ ಕೇಳಿದ್ದಳು. ಬಂದರ ಸ್ಕೂಟರ್ ಮೇಲೇ ಬರ್ತೇನಿ ಎಂದು ನಾನು ಹಟ ಹಿಡಿದು, ಎರಡು ತಿಂಗಳು ಆಕೆಯ ಮುಖ ನೋಡದೆ ಒಂದು ಹಳೇ ಗಾಡಿ ಸಜ್ಜು ಮಾಡಿದೆ. ಎರಡು ಹೆಲ್ಮೆಟ್ ತಂದೆ. ಭಾನುವಾರ ಹೊರಡುವ ಮುಂಚೆ ಪರೀಕ್ಷೆಗಿಟ್ಟರೆ ಬ್ಯಾಟರಿ ಕಾದ ಹೆಂಚಿನಂತಾಯಿತು. ಹೆಂಗಾದರೂ ಹೋಗಿಬಿಡಲೇ ಅನಿಸಿತು. ಆದರೆ ಆಕೆಯನ್ನು ಕೂಡಿಸಿಕೊಳ್ಳುವ ಸೀಟಿನ ಕೆಳಗೇ ಅದು ಇರುವುದು. ಬಿಚ್ಚಿ ಹೊರಗಿಟ್ಟು ಫೋನ್ ಮಾಡಿದೆ.

"ಬರಾಕ ಆಗಂಗಿಲ್ಲ. ಬ್ಯಾಟರಿ ಫೇಲ್ ಆಗ್ಯಾದ."

"ನಾ ಏನ್ ಸ್ಕೂಟರಿನ ದಾರಿ ನೋಡಾಕತ್ತೇನೇನ್ರಿ? ಬಸ್ಸು ಬಂದ್ ಆಗ್ಯಾವೇನು?" ಅಂದಳು. ದನಿ ಒದ್ದೆಯಾಗಿತ್ತು.

ಬಸ್ ಹಿಡಿಯಲು ಓಡಿದೆ. ಜೇವರ್ಗಿಯಲ್ಲಿ ಇಳಿದಾಗ ನಿಲ್ದಾಣದಲ್ಲೇ ನಿಂತಿದ್ದಳು. ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ಗಡಿಬಿಡಿಯಲ್ಲಿ ಒಂದು ಹೆಲ್ಮೆಟ್ ತಲೆಯ ಮೇಲೇ ಇತ್ತು, ಇನ್ನೊಂದು ಮೊಣಕೈಯಲ್ಲಿ.

"ಬಸ್ಸಿನಾಗೂ ಹೆಲ್ಮೆಟ್ ಏನ್ರಿ?"

"ರೂಲ್ಸ್ ಅಂದ್ರ ರೂಲ್ಸ್."

ಆಕೆ ಇನ್ನೊಂದನ್ನು ಕಸಿದುಕೊಂಡು ತಾನೂ ಹಾಕಿಕೊಂಡಳು. ಹಾಗೇ ಬಜಾರದಲ್ಲಿ ನಡೆದು ಹೋಗುವಾಗ ಪರಿಚಯದವರೊಬ್ಬರು ಕೇಳಿದರು, "ಸಿಸ್ಟರ್, ಗಾಡಿ ಎಲ್ಲದರಿ?"

"ಗಾಡಿ ಫೇಲ್ ಆತ್ರಿ," ಅಂದಳು. "ಗಂಡ ಪಾಸ್ ಆಗ್ಯಾರ."