ಹಾವಾಗಿ ಕುಣಿದವಳ ಉಡಿ

"ಕುಣದು ಮಂದಿನ್ನ ಶಾಣ್ಯಾರ್ನ ಮಾಡ್ತಾಳಂತ! ಇಕಿ ಕೈಲೆ ಆಗೂದಲ್ಲ ಬಿಡ್ರಿ" ಎಂದು ಮೊದಲು ಹೇಳಿದವಳು ನನ್ನ ಅತ್ತೆ. ಕಬ್ಬಿನ ಹೊಲದಲ್ಲಿ ನನ್ನ ಗಂಡನಿಗೆ ಹಾವು ಕಚ್ಚಿದಾಗ, ಮೊದಲು ಮಂತ್ರ ಹಾಕುವವನ ಕಡೆ ಒಯ್ಯಿರಿ ಎಂದು ಹಟ ಹಿಡಿದವಳೂ ಅವಳೇ. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ನಾನು ಸಿಕ್ಕ ಪುಸ್ತಕಗಳನ್ನೆಲ್ಲ ಓದಿದೆ. ವಿಷ ಮೈಯಲ್ಲಿ ಏನು ಮಾಡುತ್ತದೆಂದು ತಿಳಿದುಕೊಂಡೆ. ಬರೀ ಹೇಳಿದರೆ ಯಾರೂ ನಿಲ್ಲಲಿಲ್ಲ. ಗೆಜ್ಜೆ ಕಟ್ಟಿದೆ, ನಿಂತರು. ನಿಂತವರು ಏನು ತಿಳಿದುಕೊಂಡು ಹೋಗುತ್ತಾರೆ ಎಂಬುದು ಮಾತ್ರ ಊರೂರಿಗೂ ಬೇರೆ.

ಗೋಕಾಕದಲ್ಲಿ ಹಾಲು

ಹಾವು ಹಾಲು ಕುಡಿಯುವುದಿಲ್ಲ ಎಂಬ ಹಾಡಿಗೆ ಹೆಡೆ ಆಡಿಸುತ್ತಿದ್ದೆ. ಮುದುಕಿಯೊಬ್ಬಳು ಬಟ್ಟಲು ಹಾಲು ತಂದು ನನ್ನ ಬಾಯಿಗೇ ಹಿಡಿದಳು.

"ಆಯಿ, ಹಾವು ಹಾಲು ಕುಡಿಯೂದಿಲ್ರಿ."

"ಹಾವು ಕುಡಿಯೂದು ಬ್ಯಾಡ. ಬಿಸಲಾಗ ಕುಣದು ದಣದೀ, ನೀ ಕುಡಿ ಯವ್ವಾ."

ಕುಡಿದೆ. ಮರುದಿನ ಸಂತೆಯ ತುಂಬ ಒಂದೇ ಸುದ್ದಿ: ಹಾವು ಹಾಲು ಕುಡಿಯಿತು, ಕಣ್ಣಾರೆ ನೋಡಿದೆವು.

ಮೂಡಲಗಿಯಲ್ಲಿ ಪ್ರಶ್ನೆ

ಕಚ್ಚಿಸಿಕೊಂಡವಳ ಪಾತ್ರ ನನ್ನ ಗೆಳತಿಯದು. ಒದ್ದಾಡಿ ಒದ್ದಾಡಿ ಕುಣಿದು, ಕಡೆಗೆ ದವಾಖಾನೆಯ ಸೂಜಿ ಹಾಕಿಸಿಕೊಂಡು ಏಳುತ್ತಿದ್ದಳು. ಆಟ ಮುಗಿದ ಮೇಲೆ ಕೇಳಿದೆ: "ಹಾವು ಕಚ್ಚಿದ್ರ ಮೊದಲ ಏನ್ ಮಾಡ್ಬೇಕ್ರಿ?"

ಮುಂದೆ ಕುಳಿತಿದ್ದ ಕಾಕಾ ಎದ್ದು ಹೇಳಿದರು: "ಈ ಹೆಣ್ಮಗಳು ಕುಣದಂಗ ಕುಣೀಬೇಕ್ರಿ. ಆರಾಮ ಆದಳಲ್ಲ!"

ಕಚ್ಚಿದ ಕಾಲನ್ನು ಅಲುಗಿಸಿದಷ್ಟೂ ವಿಷ ಬೇಗ ಏರುತ್ತದೆ. ಅಂದಿನಿಂದ ಗೆಳತಿಯನ್ನು ಆಟ ಮುಗಿಯುವವರೆಗೂ ಅಲುಗದಂತೆ ಮಲಗಿಸುತ್ತೇನೆ. ಅವಳಿಗೆ ಇನ್ನೂ ಸಿಟ್ಟು: "ಮಲಗಾಕ ಗೆಜ್ಜಿ ಯಾಕ ಕಟ್ಕೋಬೇಕ?"

ಹುಕ್ಕೇರಿ ಕಡೆ ದೇವಿ

ಹತ್ತರಗಿ ಹತ್ತಿರದ ಹಳ್ಳಿ. ಕೂದಲು ಬಿಚ್ಚಿ, ಮುಖಕ್ಕೆ ಅರಿಷಿಣ ಬಳಿದು, ವಿಷವಾಗಿ ಕುಣಿಯುತ್ತಿದ್ದೆ. ಯಾರೋ ಕೂಗಿದರು: "ಮೈಯಾಗ ದೇವಿ ಬಂದಾಳ್ರೋ!" ನಿಂಬೆಹಣ್ಣು ಬಂದವು, ಕಾಯಿ ಒಡೆಯಿತು. ಅಷ್ಟರಲ್ಲಿ ಹಾವು ಕಚ್ಚಿದವನೊಬ್ಬನನ್ನು ಹೊಲದಿಂದ ಹೊತ್ತು ತಂದು ನನ್ನ ಕಾಲ ಬಳಿಯೇ ಮಲಗಿಸಿದರು.

"ತಾಯಿ, ನನ್ನ ಮಗನ್ನ ಉಳಸು" ಎಂದು ಅವನ ತಾಯಿ ಅತ್ತಳು.

"ನಾ ದೇವಿ ಅಲ್ಲಬೇ! ದವಾಖಾನಿಗೆ ಒಯ್ರಿ!"

"ದೇವಿ ಪರೀಕ್ಷಾ ಮಾಡಾಕತ್ತಾಳ" ಎಂದರು. ಒಬ್ಬರೂ ಕದಲಲಿಲ್ಲ. ಅವನ ರೆಪ್ಪೆ ಜೋತು ಬೀಳುತ್ತಿತ್ತು. ನನ್ನ ಗಂಡನದೂ ಹೀಗೇ ಜೋತು ಬಿದ್ದಿತ್ತು.

ಕಣ್ಣು ಮೇಲೆ ಮಾಡಿ ಬುಸುಗುಟ್ಟಿದೆ: "ಏ! ನನಗ ಕಾಯಿ ಬ್ಯಾಡ! ದವಾಖಾನಿ ಸೂಜಿ ಬೇಕು! ಕಾಲು ಅಲುಗಿಸದಂಗ ಒಯ್ರಿ!"

ನನ್ನ ಮಾತು ಮುಗಿಯುವುದರೊಳಗೆ ಜೀಪು ಹೊರಟಿತ್ತು. ಅವನು ಉಳಿದ.

ಅವನ ತಾಯಿ ಹಸಿರು ಸೀರೆ, ಅಕ್ಕಿ, ಕಾಯಿ ಹಿಡಿದು ಉಡಿ ತುಂಬಲು ನಮ್ಮ ಮನೆಗೇ ಬಂದಳು. ಅತ್ತೆ ಬಾಗಿಲಲ್ಲೇ ತಡೆದಳು: "ಗಂಡ ಸತ್ತಾಕಿಗೆ ಉಡಿ ತುಂಬ್ತಾರೇನ?"

"ಇಕಿಗಲ್ರಿ. ದೇವಿಗೆ."

ಅತ್ತೆ ಬಾಗಿಲು ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ ಸೆರಗು ಹೊದ್ದು, ಕೈಮುಗಿದು ಕೇಳಿದಳು: "ತಾಯಿ, ನನ್ನ ಮೊಣಕಾಲು ನೋವು ಯಾವಾಗ ಕಡಿಮಿ ಆಗತೈತಿ?"

ನಾನು ಕಣ್ಣು ಮೇಲೆ ಮಾಡಿದೆ: "ಸೊಸಿ ಹೇಳಿದಂಗ ಕೇಳು. ಆಗತೈತಿ."

ಈಗ ನನಗೆ ಸ್ವಂತ ಗೆಜ್ಜೆ, ಸ್ವಂತ ಸ್ಪೀಕರ್, ಒಂದು ಹಸಿರು ಸೀರೆ ಇವೆ. ಗಂಡನನ್ನು ತೆತ್ತು ಗಳಿಸಿದ್ದು. ನಾನು ಓದಿ ಕಲಿತ ಮಾತಿನ ಶ್ರೇಯ ಮಾತ್ರ ದೇವಿಯ ಪಾಲಾಯಿತು.